ಪರದೆಯ ಮೇಲಿನ ಅಕ್ಷರ ಓದುವವನು

ನನಗೊಂದು ದುರಭ್ಯಾಸವಿದೆ. ಯಾವುದೇ ಪರದೆಯ ಮೇಲೆ ಅಕ್ಷರಗಳು ಕಾಣಿಸಿಕೊಂಡರೆ ಅವನ್ನು ಗಟ್ಟಿಯಾಗಿ ಓದಿಬಿಡುತ್ತೇನೆ. ಮನಸ್ಸಿನಲ್ಲಿಯೇ ಓದಿಕೊಳ್ಳುವುದು ಸಭ್ಯರ ಲಕ್ಷಣ ಎಂಬುದು ನನಗೆ ತಿಳಿಯದ ವಿಷಯವಲ್ಲ. ರಾಯಚೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. 'ಮೌನವಾಗಿ ಓದಿರಿ' ಎಂದು ಮಕ್ಕಳಿಗೆ ದಿನವೂ ಹೇಳುವವನು. ಆದರೂ ರೈಲು ನಿಲ್ದಾಣದಲ್ಲಿ ಕೆಂಪು ಅಕ್ಷರಗಳು ಸರಿಯತೊಡಗಿದವೆಂದರೆ ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಳ್ಳುತ್ತದೆ. ಮೊನ್ನೆ ಹಾಗೆ ಓದುತ್ತ ನಿಂತಿದ್ದಾಗ ಹಿರಿಯರೊಬ್ಬರು ನನ್ನನ್ನು ರೈಲ್ವೆಯ ನೌಕರನೆಂದೇ ಭಾವಿಸಿ ಹತ್ತಿರ ಬಂದರು.

"ಸಾಹೇಬ್ರ, ಹಂಗಾದ್ರ ಜನರಲ್ ಡಬ್ಬಿ ಎಲ್ಲಿ ನಿಂದರ್ತದ್ರೀ?"

ನನಗೆ ಗೊತ್ತಿರಲಿಲ್ಲ. ಆದರೆ 'ಗೊತ್ತಿಲ್ಲ' ಎನ್ನುವುದಕ್ಕೆ ಪದವೀಧರನ ನಾಲಿಗೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ. ಗಂಭೀರವಾಗಿ ಮುಂದಕ್ಕೆ ಕೈ ತೋರಿಸಿದೆ. ಅವರು ಗಂಟು ಹೊತ್ತು ಮುಂದಕ್ಕೆ ನಡೆದರು. ರೈಲು ಬಂದಾಗ ಆ ಡಬ್ಬಿ ಹಿಂದಕ್ಕೆ ನಿಂತಿತು. ಅವರು ಓಡಿಬರುವುದನ್ನು ನೋಡಲಾರದೆ ನಾನು ಕಂಬದ ಮರೆಗೆ ಸರಿದೆ.

ಈ ಅಭ್ಯಾಸ ನನಗೆ ಅಂಟಿದ್ದು ಮಾನ್ವಿ ತಾಲ್ಲೂಕಿನ ನಮ್ಮ ಕಲ್ಲೂರಿನಲ್ಲಿ, ಖಾಜಾ ಚಾಚಾ ಅವರ ಕಿರಾಣಿ ಅಂಗಡಿಯ ಮುಂದೆ. ನಮ್ಮ ಓಣಿಗೆ ಇದ್ದದ್ದು ಅದೊಂದೇ ಟೀವಿ. ಅಂಗಡಿಯ ಒಳಗೆ, ಬೆಲ್ಲದ ಡಬ್ಬಿಗಳ ಮೇಲೆ ಹಲಗೆ ಹಾಸಿ ಅದನ್ನು ಕೂರಿಸಿದ್ದರು. ಸಂಜೆ ಕುರಿ ದೊಡ್ಡಿ ಸೇರಿದ ಮೇಲೆ ಇಡೀ ಓಣಿ ಅಂಗಡಿಯ ಕಟ್ಟೆಯ ಮುಂದೆ ಬಂದು ಕುಳಿತುಕೊಳ್ಳುತ್ತಿತ್ತು. ಕುಳಿತವರಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಚಾಚಾಗೆ ಉರ್ದು ಬರುತ್ತಿತ್ತು. ಟೀವಿಗೆ ಉರ್ದು ಬರುತ್ತಿರಲಿಲ್ಲ. ಹೀಗಾಗಿ ನಾಲ್ಕನೆಯ ತರಗತಿಯಲ್ಲಿದ್ದ ನನ್ನನ್ನು ಎಲ್ಲರಿಗಿಂತ ಮುಂದೆ, ಟೀವಿಯ ಪಕ್ಕದಲ್ಲಿಯೇ ಕೂರಿಸುತ್ತಿದ್ದರು. ಸಿನಿಮಾ ಆರಂಭವಾದಾಗ ಸರಿಯುವ ಹೆಸರುಗಳು, ಜಾಹೀರಾತಿನ ಸಾಲುಗಳು, 'ಮುಂದುವರಿಯುವುದು' ಎಂಬ ಆ ಕ್ರೂರ ಪದ, ಎಲ್ಲವನ್ನೂ ಓದಿ ಹೇಳುವುದು ನನ್ನ ಕೆಲಸ. ಸ್ವಲ್ಪ ದನಿ ಇಳಿಸಿದರೆ ಒಳಗಿನಿಂದ ಚಾಚಿ ಕೂಗುತ್ತಿದ್ದರು: "ಜೋರ್ ಸೇ ಬೋಲ್ ರೇ! ರೊಟ್ಟಿ ತಿಂದಿಲ್ಲೇನ್ ಇವತ್ತ?"

ಆ ಗುಂಪಿನಲ್ಲಿ ನನಗೆ ನಿಜಕ್ಕೂ ಭಯವಿದ್ದದ್ದು ಒಬ್ಬರದೇ. ಅದು ನನ್ನ ಅತ್ತೆ, ನನ್ನ ತಂದೆಯ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ದೇವದುರ್ಗದ ಕಡೆಯ ಅರಕೇರಾಕ್ಕೆ ಮದುವೆಯಾಗಿ ಹೋದವಳು. ತವರಿಗೆ ಬಂದಾಗಲೆಲ್ಲ ಟೀವಿಯ ಮುಂದೆ ನನ್ನ ಬೆನ್ನಿಗೇ ಕುಳಿತುಕೊಳ್ಳುತ್ತಿದ್ದಳು. ಒಮ್ಮೆ ಮಾವ ಕುರಿ ಹಿಂಡು ಹೊಡೆದುಕೊಂಡು ಕೃಷ್ಣೆಯ ಆಚೆಗೆ ಹೋಗಿದ್ದರು. ಆ ಸಂಜೆ ಟೀವಿಯ ಕೆಳಗೆ ಸಾಲೊಂದು ಹರಿಯತೊಡಗಿತು. ಹೊಳೆಗೆ ನೀರು ಬಿಟ್ಟಿದ್ದಾರೆ, ದಡದ ಊರಿನವರು ಎಚ್ಚರದಿಂದಿರಬೇಕು ಎಂದು. ನಾನು ಓದಿದೆ. ನಡುವೆ ಬಂದ ಒಂದು ಕಠಿಣ ಪದವನ್ನು ಮಾತ್ರ ಬಾಯಿಯೊಳಗೇ ಕರಗಿಸಿ ಮುಂದಕ್ಕೆ ಹೋದೆ. ಬೆನ್ನಿನ ಮೇಲೆ ಅವಳ ಬೆರಳು ಒತ್ತಿತು.

"ನುಂಗಿದಿ. ಏನ್ ನುಂಗಿದಿ?"

"ಏನಿಲ್ಲತ್ತಿ."

"ನುಂಗಬ್ಯಾಡ ನನ್ ಮಗನ. ಛಲೋ ಇರಲಿ, ಕೆಟ್ಟ ಇರಲಿ, ಬರದಂಗ ಓದು."

ಆ ಸಾಲು ಮತ್ತೆ ಬರುವವರೆಗೆ ಇಡೀ ಓಣಿ ಪರದೆಯನ್ನೇ ನೋಡುತ್ತ ಕಾಯಿತು. ಯಾವುದೋ ಸೋಪು, ಯಾವುದೋ ತೈಲ, ಯಾರದೋ ನಗುಮುಖ ಬಂದು ಹೋದವು. ಮತ್ತೆ ಸಾಲು ಹರಿಯಿತು. ಆ ಪದ 'ತಗ್ಗುಪ್ರದೇಶ' ಎಂದಿತ್ತು. ಅಕ್ಷರ ಬಿಡಿಸಿ ಬಿಡಿಸಿ ಓದಿದೆ. "ಮತ್ತೊಮ್ಮೆ ಓದು" ಎಂದಳು. ಓದಿದೆ. ಮಾವ ಕುರಿಗಳನ್ನು ಯಾವಾಗಲೂ ದಿಬ್ಬದ ಮೇಲೆಯೇ ತರುಬಿ ನಿಲ್ಲಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ತನ್ನಷ್ಟಕ್ಕೆ "ತಗ್ಗಿಗಿ ಅಷ್ಟ ನೀರು" ಎಂದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವ ಸುಖವಾಗಿಯೇ ಮರಳಿದರು. ಆದರೆ ಅಂದಿನಿಂದ ನಾನು ಒಂದಕ್ಷರವನ್ನೂ ನುಂಗಲಿಲ್ಲ.

ಈಗ ನಾವು ರಾಯಚೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ: ನಾನು, ಅವ್ವ, ಮತ್ತು ನರ್ಸಿಂಗ್ ಓದುತ್ತಿರುವ ತಂಗಿ ನಾಗರತ್ನ. ಅಪ್ಪ ಕಲ್ಲೂರಿಗೂ ಇಲ್ಲಿಗೂ ಓಡಾಡಿಕೊಂಡಿರುತ್ತಾನೆ. ಗೋಡೆಯ ಮೇಲೆ ಕಪ್ಪು ಹಲಗೆಯಂತಹ ದೊಡ್ಡ ಟೀವಿಯಿದೆ. ಅದರ ಪಕ್ಕದಲ್ಲಿ ವೈಫೈ ಡಬ್ಬಿಯಿದೆ. ಸದಾ ಹಸಿರು ದೀಪ ಮಿಣುಕುವುದರಿಂದಲೋ ಏನೋ, ಸೋಮವಾರ ದೇವರಿಗೆ ವಿಭೂತಿ ಹಚ್ಚಿದ ಅವ್ವನ ಬೆರಳು ಅದಕ್ಕೂ ಒಂದು ಗೆರೆ ಎಳೆಯುತ್ತದೆ. ಇಷ್ಟೆಲ್ಲ ಇದ್ದೂ ಟೀವಿಯನ್ನು ನೋಡುವವರಿಲ್ಲ. ನಾಗಿ ಅಡುಗೆಮನೆಯಲ್ಲಿ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿಕೊಂಡು ನೋಡುತ್ತಾಳೆ. ಅಪ್ಪ ಮಂಚದ ಮೇಲೆ ಮಲಗಿ, ಎದೆಯ ಮೇಲೆ ಫೋನು ನಿಲ್ಲಿಸಿಕೊಂಡು ಟಗರಿನ ಕಾಳಗ ನೋಡುತ್ತಾನೆ. ಅವ್ವನೂ ಧಾರಾವಾಹಿಯನ್ನು ಅಂಗೈಯಲ್ಲೇ ಮುಗಿಸುತ್ತಾಳೆ. ನಾಲ್ಕು ಜನ ಒಂದೇ ಮನೆಯಲ್ಲಿ ನಾಲ್ಕು ಕಡೆ ನಗುತ್ತೇವೆ. ಒಬ್ಬರು ನಕ್ಕದ್ದು ಏಕೆಂದು ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಓದಿ ಹೇಳು ಎಂದು ನನ್ನನ್ನು ಕರೆಯುವವರೂ ಇಲ್ಲ. ಬೇಕಾದದ್ದನ್ನು ಅವ್ವ ಫೋನಿಗೆ ಬಾಯಿಯಿಂದಲೇ ಹೇಳುತ್ತಾಳೆ. ಮೊದಮೊದಲು ಅವಳ ಕಲ್ಲೂರಿನ ಮಾತು ಅದಕ್ಕೆ ತಿಳಿಯಲಿಲ್ಲ. "ನಿನ್ನೀದು ಹಚ್ಚು" ಎಂದರೆ ಅದು ಏನೇನನ್ನೋ ತೆರೆದು ಕೂರುತ್ತಿತ್ತು. ಆಗ ಅವಳು ನನ್ನನ್ನು ಅನುಕರಿಸತೊಡಗಿದಳು. ಸೆರಗು ಸರಿಪಡಿಸಿಕೊಂಡು, ಕುತ್ತಿಗೆ ನೆಟ್ಟಗೆ ಮಾಡಿಕೊಂಡು, "ನಿನ್ನೆಯ ಸಂಚಿಕೆಯನ್ನು ತೋರಿಸಿ" ಎನ್ನುತ್ತಾಳೆ. ಫೋನು ತಕ್ಷಣ ವಿಧೇಯವಾಗುತ್ತದೆ. ನಾಗಿ ನಗುತ್ತಾಳೆ: "ನೋಡಣ್ಣಾ, ನಿನ್ ಕನ್ನಡ ಅರ್ಥ ಮಾಡ್ಕೊಳ್ಳಾದು ಮಷೀನ್ ಒಂದೇ." ನಾನು ಅದನ್ನು ಪ್ರಶಂಸೆಯೆಂದು ಸ್ವೀಕರಿಸಲು ಪ್ರಯತ್ನಿಸಿದೆ.

ಟೀವಿಗೆ ಈಗ ಉಳಿದಿರುವುದು ಒಂದೇ ಉದ್ಯೋಗ. ನೆಂಟರು ಬಂದಾಗ ಫೋನಿನಲ್ಲಿರುವುದನ್ನು ದೊಡ್ಡದಾಗಿ ತೋರಿಸುವುದು. ಫೋನಿನ ಪರದೆಯನ್ನು ಹಾಗೆಯೇ ಟೀವಿಗೆ ಬಿಡುವ ಈ ವಿದ್ಯೆಯನ್ನು ಮನೆಯಲ್ಲಿ ಬಲ್ಲವನು ನಾನು. ಓದುವ ಹುದ್ದೆ ಹೋದರೂ ಟೀವಿಯ ಪಕ್ಕದ ಜಾಗ ಉಳಿಯಿತೆಂಬ ಸಣ್ಣ ಸಮಾಧಾನ ನನಗಿತ್ತು, ಆ ಭಾನುವಾರದ ಮಧ್ಯಾಹ್ನದವರೆಗೆ.

ಅಂದು ಅರಕೇರಾದಿಂದ ಅತ್ತೆ ಮತ್ತು ಮಾವ ಬಂದರು. ಸುಮ್ಮನೆ ಬಂದದ್ದಲ್ಲ. ಅತ್ತೆಯ ಚೀಲದಲ್ಲಿ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ, ಎಲೆ-ಅಡಿಕೆ ಇದ್ದವು. ಮಗ ಬೀರಪ್ಪನಿಗೆ ನಾಗಿಯನ್ನು ತಂದುಕೊಳ್ಳಬೇಕೆಂಬುದು ಅವಳ ಬಹುಕಾಲದ ಆಸೆ. ನಮ್ಮಲ್ಲಿ ಹುಡುಗಿಯ ಉಡಿ ತುಂಬಿ, ಎಲೆ-ಅಡಿಕೆ ಕೈ ಬದಲಾಯಿತೆಂದರೆ ಮಾತು ಮುಗಿಯಿತು. ಆಮೇಲೆ ಬೇಡವೆನ್ನುವುದು ಹಿರಿಯರ ಮುಖಕ್ಕೆ ಹೊಡೆದಂತೆ. ಅಪ್ಪನನ್ನು ನಾನು ಹಿಂದಿನ ದಿನವೇ ಒಂದು ಮಾತು ಕೇಳಿದ್ದೆ. ಅವನು ಛಾವಣಿ ನೋಡುತ್ತ, "ಸಾಕಿದ ಅಕ್ಕ ಬಾಯಿ ಬಿಟ್ಟು ಕೇಳ್ಯಾಳ. ಇಲ್ಲ ಅಂತ ಹೆಂಗನ್ಲಿ?" ಎಂದಿದ್ದ.

ನಾಗಿಗೆ ಈ ಮದುವೆ ಬೇಡವಾಗಿತ್ತು. ಅವಳ ಓದು ಇನ್ನೂ ಮುಗಿದಿರಲಿಲ್ಲ. ಬೆಳಗ್ಗೆ, ಓದಿಕೊಳ್ಳಲೆಂದು ಹೋಗಿದ್ದ ಕಾಲೇಜಿನ ವಸತಿಗೃಹದ ಗೆಳತಿಯ ಕೋಣೆಯಿಂದ ನನ್ನ ಫೋನಿಗೆ ಬರೆದಿದ್ದಳು: 'ಅಣ್ಣಾ, ಅತ್ತಿಗಿ ಹೇಳ್ತಿ ಇಲ್ಲೋ?' ನಾನು ಬಹಳ ಹೊತ್ತು ಯೋಚಿಸಿ, ಕಾಗುಣಿತ ಪರೀಕ್ಷಿಸಿ, ಪೂರ್ಣವಿರಾಮ ಸಮೇತ ಉತ್ತರಿಸಿದ್ದೆ: 'ನೋಡೋಣ.'

ಊಟವಾಯಿತು. ಹೊರಗೆ ಬಿಸಿಲು ರಸ್ತೆಯನ್ನು ಖಾಲಿ ಮಾಡಿತ್ತು. ಒಳಗೆ ಕೂಲರ್ ಸದ್ದು ಮಾಡುತ್ತಿತ್ತು. ನಾಗಿ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ಅತ್ತೆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಹೇಳಿದ್ದು ಮಾತ್ರ ಬೇರೆ: "ಅತ್ತಿ, ಬೀರಪ್ಪ ಹೊಸಾ ಮನಿ ಕಟ್ಟಿಸ್ಯಾನಂತಲ್ಲ. ವಿಡಿಯೋ ಐತೇನು? ಟೀವ್ಯಾಗ ನೋಡೂನು."

ಅತ್ತೆಯ ಮುಖ ಅರಳಿತು. "ಐತಪಾ. ದೊಡ್ಡದು ಮಾಡಿ ತೋರ್ಸು. ನೋಡಿ ಆಮ್ಯಾಲ ಉಡಿ ತುಂಬೂನು."

ಅವಳ ಫೋನಿನಿಂದ ವಿಡಿಯೋವನ್ನು ನನ್ನ ಫೋನಿಗೆ ಕಳಿಸಿಕೊಂಡೆ; ಫೋನನ್ನು ಟೀವಿಗೆ ಬಿಟ್ಟೆ. ನೀಲಿ ಬಣ್ಣದ ಬಾಗಿಲು, ಇನ್ನೂ ಒದ್ದೆಯಿದ್ದ ಗೋಡೆ, ಅಂಗಳದಲ್ಲಿ ಕಟ್ಟಿದ ಟಗರು, ಬೀರಪ್ಪನ ನಾಚಿಕೆಯ ನಗು ಎಲ್ಲವೂ ಗೋಡೆಯಗಲ ಹರಡಿಕೊಂಡವು. ನಾನು ಪ್ರತಿಯೊಂದು ಮೂಲೆಯನ್ನೂ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಕಿಟಕಿಯ ಬಗ್ಗೆ ಪ್ರಶ್ನೆ ಕೇಳಿದೆ. ಟಗರಿನ ವಯಸ್ಸು ವಿಚಾರಿಸಿದೆ. ಮಾವನಿಗೇ ಸಾಕಾಯಿತು.

"ಲೇ ಶರಣಾ, ಮನಿ ನಂದು. ನೀ ಏನು ಖರೀದಿ ಮಾಡಾವ್ರಂಗ ನೋಡಾಕತ್ತಿ?"

ಅಷ್ಟರಲ್ಲಿ ಟೀವಿಯ ನೆತ್ತಿಯಿಂದ ಬಿಳಿ ಪಟ್ಟಿಯೊಂದು ಇಳಿಯಿತು. ಅದರಲ್ಲಿ ನಾಗಿಯ ಹೆಸರಿತ್ತು. ಫೋನು ಟೀವಿಗೆ ಅಂಟಿಕೊಂಡಿರುವುದು ಅಡುಗೆಮನೆಯಲ್ಲಿದ್ದ ಅವಳಿಗೆ ತಿಳಿದಿರಲಿಲ್ಲ. ಪಟ್ಟಿಯನ್ನು ಮೇಲಕ್ಕೆ ತಳ್ಳಿಬಿಡಬೇಕೆಂದು ಹೆಬ್ಬೆರಳು ಒಯ್ದೆ. ಬೆರಳಿಗೆ ಆಗಷ್ಟೇ ಅವ್ವ ತಂದಿಟ್ಟ ಮಿರ್ಚಿಯ ಎಣ್ಣೆ ಹತ್ತಿತ್ತು. ತಳ್ಳುವ ಬದಲು ಒತ್ತಿದೆ. ಪೂರ್ತಿ ಸಂದೇಶ ತೆರೆದುಕೊಂಡಿತು. ಬಾಗಿಲು ಹೋಯಿತು, ಟಗರು ಹೋಯಿತು, ಬೀರಪ್ಪನ ನಗು ಹೋಯಿತು. ಗೋಡೆಯಗಲ ಅಕ್ಷರಗಳು ನಿಂತವು. ಅವುಗಳ ಮೇಲ್ಗಡೆ, ಶುದ್ಧ ಬರವಣಿಗೆಯಲ್ಲಿ, ನನ್ನ 'ನೋಡೋಣ.' ಕೂಡ.

ನಾನು ಗಾಬರಿಯಲ್ಲಿ ಫೋನನ್ನೇ ಆರಿಸಿದೆ. ಫೋನು ಆರಿತು, ಟೀವಿ ಆರಲಿಲ್ಲ. ಕಡೆಯ ಚಿತ್ರ ಅದರ ಮೇಲೆ ಉಸಿರು ಹಿಡಿದು ಹಾಗೆಯೇ ನಿಂತಿತ್ತು. ರಿಮೋಟಿಗಾಗಿ ತಡಕಾಡಿದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಅದು ಸಿಕ್ಕಿತು, ಹಗುರವಾಗಿ. ಯಾರೂ ಬಳಸುವುದಿಲ್ಲವೆಂದು ಅವ್ವ ಅದರ ಸೆಲ್ಲುಗಳನ್ನು ಗೋಡೆ ಗಡಿಯಾರಕ್ಕೆ ಹಾಕಿದ್ದಳು.

"ಏನ್ ಬಂತಲೇ ಅದು?" ಎಂದ ಅಪ್ಪ.

"ಏನಿಲ್ಲಪ್ಪ. ಕಂಪನಿಯವ್ರ ಮೆಸೇಜು."

ಮಾವ ಕಣ್ಣು ಕಿರಿದು ಮಾಡಿದರು. ಅವರು ಬಸ್ಸಿನ ಬೋರ್ಡುಗಳಿಂದ ಅಕ್ಷರ ಕಲಿತವರು. ಒಂದೊಂದಾಗಿ, ಬೆರಳಿಟ್ಟು ಓದುವವರು. "ಅ... ಣ್ಣಾ... ಅ... ತ್ತಿ... ಗಿ..." ಎಂದು ಹೊರಟರು. ಆಮೇಲೆ ಹೆಂಡತಿಯ ಕಡೆ ತಿರುಗಿ ಸಂತೋಷದಿಂದ, "ಅತ್ತಿ ಅಂತ ಬರದಾರ ನೋಡು. ನಿಂದೇ ಅದ!" ಎಂದರು.

ಅತ್ತೆ ನನ್ನತ್ತ ನೋಡಿದಳು. "ಕಂಪನಿಯವ್ರಿಗಿ ನಾ ಯಾವಾಗ ಅತ್ತಿ ಆದೆನಪಾ?"

ಅವ್ವ ಎದ್ದು ನಿಂತಳು, ಮತ್ತೆ ಕುಳಿತಳು. ಅಡುಗೆಮನೆಯಲ್ಲಿ ಎಣ್ಣೆಯ ಸದ್ದು ನಿಂತುಹೋಗಿತ್ತು.

"ಶರಣಾ," ಎಂದಳು ಅತ್ತೆ. ದನಿ ಕಲ್ಲೂರಿನ ಕಟ್ಟೆಯ ದನಿ. "ಓದು."

"ಅತ್ತಿ, ಅದು..."

"ನುಂಗಬ್ಯಾಡ. ಬರದಂಗ ಓದು."

ಏನಾದರೊಂದು ಕಟ್ಟಿ ಹೇಳಬಹುದಿತ್ತು. ಆ ಕೋಣೆಯಲ್ಲಿ ನನ್ನನ್ನು ತಿದ್ದಬಲ್ಲವರು ಇರಲಿಲ್ಲ. ಮಾವ ಎರಡನೆಯ ಪದವನ್ನು ದಾಟಲು ಇನ್ನೂ ಹೊತ್ತು ಬೇಕಿತ್ತು. ಕಟ್ಟಿ ಹೇಳಿದರೆ ಅಪ್ಪನ ಮಾನ ಉಳಿಯುತ್ತದೆ, ಅತ್ತೆ ಸಂತೋಷದಿಂದ ಉಡಿ ತುಂಬುತ್ತಾಳೆ. ಅಲ್ಲಿಗೆ ನಾಗಿಯ ಓದು ಮುಗಿಯುತ್ತದೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನು ಅಕ್ಷರ ಕಲಿಯದಿದ್ದರೂ ನನ್ನ ಮುಖ ಓದಲು ಕಲಿತವನು. ಅವನ ಕಣ್ಣು 'ಬೇಡ' ಎನ್ನುತ್ತಿತ್ತು. ಬೆನ್ನಿನ ಮೇಲೆ ಆ ಹಳೆಯ ಬೆರಳು ಒತ್ತಿದಂತಾಯಿತು. ನಾನು ಎದ್ದು, ಟೀವಿಯ ಪಕ್ಕದಲ್ಲಿ ನಿಂತು, ಓದಿದೆ.

"ಅಣ್ಣಾ, ಅತ್ತಿಗಿ ನೀನೇ ಹೇಳು. ಬೀರಪ್ಪನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಈ ಮದುವಿ ಬ್ಯಾಡ. ನಾ ನರ್ಸಿಂಗ್ ಮುಗಸ್ತೀನಿ. ಒಮ್ಮೆ ಉಡಿ ತುಂಬಿದ್ರ ನನಗ ಬಾಯಿ ಇರಂಗಿಲ್ಲ."

ಓದಿ ಮುಗಿಸಿದಾಗ ನನ್ನ ದನಿ ತರಗತಿಯ ದನಿಯಂತೆ ಸ್ಪಷ್ಟವಾಗಿತ್ತೆಂದು ತಿಳಿದು ನನಗೇ ನಾಚಿಕೆಯಾಯಿತು. ಕೂಲರ್ ತಿರುಗುತ್ತಿತ್ತು. ಮಾವ ತಮ್ಮ ಪಂಚೆಯ ಅಂಚನ್ನು ಮಡಚಿ, ಬಿಡಿಸಿ, ಮಡಚಿದರು. ಅತ್ತೆ ಚೀಲದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

"ಮತ್ತೊಮ್ಮೆ ಓದು," ಎಂದಳು.

ನಾನು ಬಾಯಿ ತೆರೆದೆ. ಆದರೆ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು.

"ಅವನ್ಯಾಕ ಓದ್ಬೇಕತ್ತಿ? ಬರದಾಕಿ ನಾನು."

ನಾಗಿ ಹೊಸ್ತಿಲಲ್ಲಿ ನಿಂತಿದ್ದಳು. ಬೆರಳುಗಳಿಗೆ ಕಡಲೆ ಹಿಟ್ಟು ಮೆತ್ತಿತ್ತು. ಟೀವಿಯತ್ತ ಅವಳು ನೋಡಲೇ ಇಲ್ಲ. ಬರೆದದ್ದನ್ನೆಲ್ಲ ಅತ್ತೆಯ ಮುಖ ನೋಡುತ್ತ, ಒಂದೊಂದೇ ಮಾತಾಗಿ, ಹೇಳಿದಳು. 'ಮುಗಸ್ತೀನಿ' ಎನ್ನುವಲ್ಲಿ ತಡವರಿಸಿದಳು. ನಿಂತು, ಆ ಪದವನ್ನು ಮತ್ತೆ ಹೇಳಿದಳು.

"ನಾಗೀ! ಒಳಗ ನಡಿ!" ಅಪ್ಪ ಏಳಹೋದ.

ಅತ್ತೆ ತಮ್ಮನತ್ತ ತಿರುಗದೆಯೇ ಕೈ ಎತ್ತಿದಳು. "ನೀ ಕುಂದ್ರು. ನಿನ್ನ ಕೇಳ್ಯಾರೇನು?"

ಅಪ್ಪ ಕುಳಿತ.

"ಮದ್ಲೇ ಯಾಕ ಹೇಳಲಿಲ್ಲ ಬೇ?" ಎಂದಳು ನಾಗಿಗೆ. "ಬಸ್ಸಿನ್ಯಾಗ ಇಷ್ಟು ದೂರ ಕಾಯಿ ಹೊತ್ಕೊಂಡು ಬಂದೀನಿ."

ನಾನು ಟೀವಿಯ ಮೇಲಿದ್ದ ನನ್ನ 'ನೋಡೋಣ.' ಎಂಬುದನ್ನು ನೋಡುತ್ತ ನಿಂತೆ. ಅವ್ವ ಕೊನೆಗೂ ಹೋಗಿ ಟೀವಿಯ ಪ್ಲಗ್ ಕಿತ್ತಳು.

ಅತ್ತೆ ಚೀಲ ಬಿಚ್ಚಿದಳು. ನಾಗಿಯನ್ನು ಕರೆದು, ಸೆರಗಿನಲ್ಲಿ ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು, ಖಣ ಇಟ್ಟಳು. "ತಂದದ್ದು ಹೊಳ್ಳಿ ಒಯ್ಯಬಾರದು" ಎಂದಳು, ಯಾರಿಗೆಂದು ತಿಳಿಯದ ಹಾಗೆ. ಎಲೆ-ಅಡಿಕೆಯನ್ನು ಮಾತ್ರ ಹೊರಗೆ ತೆಗೆಯಲಿಲ್ಲ. ಅದನ್ನು ಎಲ್ಲರೂ ಗಮನಿಸಿದೆವು. ಕರಿದ ಮಿರ್ಚಿಯನ್ನು ಮುಟ್ಟದೆ, "ದೇವದುರ್ಗದ ಬಸ್ಸಿಗಿ ಹೊತ್ತಾಗ್ತದ" ಎಂದು ಇಬ್ಬರೂ ಎದ್ದರು.

ಅಂದಿನಿಂದ ಅರಕೇರಾದಿಂದ ಫೋನು ಬರಲಿಲ್ಲ. ಅಪ್ಪ ಟಗರಿನ ಕಾಳಗ ನೋಡುವುದನ್ನು ಬಿಟ್ಟ. ಫೋನು ಅವನ ಎದೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಉಸಿರಿಗೆ ಏರಿ ಇಳಿಯುತ್ತಿತ್ತು. ಅಕ್ಕನಿಗೆ ತಾನಾಗಿ ಫೋನು ಮಾಡಲು ಅವನಿಗೆ ಮುಖವಿರಲಿಲ್ಲ. ನನ್ನೊಂದಿಗೆ ಅವನು ಮಾತು ಬಿಟ್ಟಿರಲಿಲ್ಲ, ಆದರೆ 'ಊಟ ಆತೇನು' ಎಂಬಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಓದಿದ್ದು ಸರಿಯೇ ಎಂದು ನನ್ನನ್ನು ನಾನು ಅನೇಕ ಬಾರಿ ಕೇಳಿಕೊಂಡೆ. ತಂಗಿಯ ಕಡೆಯಿಂದ ನೋಡಿದರೆ ಸರಿ. ಅಪ್ಪನ ಎದೆಯ ಮೇಲಿನ ಫೋನನ್ನು ನೋಡಿದರೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ.

ಕಳೆದ ವಾರ ಅತ್ತೆಯ ಸಂದೇಶ ಬಂತು. ಅಪ್ಪನಿಗಲ್ಲ. ಅವಳ ಓದುಗನಾದ ನನಗೂ ಅಲ್ಲ. ನಾಗಿಗೆ. ಅದೊಂದು ಚಿತ್ರ: ಮಾತ್ರೆಗಳ ಬೆಳ್ಳಿ ಹಾಳೆ, ಅತ್ತೆಯ ಒರಟು ಹೆಬ್ಬೆರಳಿನ ಸಮೇತ. ಅದರ ಹಿಂದೆಯೇ ಅವಳ ದನಿ.

"ನಾಗೀ, ನಿಮ್ಮ ಮಾವಗ ಬಿ.ಪಿ. ಅಂತ ಗುಳಿಗಿ ಕೊಟ್ಟಾರ. ಬೀರ್ಯಾ ಕೆಲಸಕ್ಕ ಹೋಗ್ಯಾನ. ಇದು ಮುಂಜಾನಿದೋ ಸಂಜೀದೋ, ಎಂಥಾದು ಅಂತ ಓದಿ ಹೇಳು. ನಿಮ್ಮಣ್ಣಗ ಕೇಳಬ್ಯಾಡ, ಅವ ನೋಡೋಣ ಅಂತಾನ."

ನನ್ನ 'ನೋಡೋಣ'ವನ್ನು ಅಂದು ನಾನು ಓದಿ ಹೇಳದಿದ್ದರೂ ಅವಳಿಗೆ ಹೇಗೆ ತಿಳಿಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಹುಶಃ ಬಸ್ಸಿನಲ್ಲಿ ಹೋಗುವಾಗ ಮಾವ ನೆನಪಿನಿಂದ ಬಿಡಿಸಿ ಬಿಡಿಸಿ ಹೇಳಿರಬೇಕು.

ಮಾತ್ರೆಯ ಮೇಲಿನ ಅಕ್ಷರಗಳು ಬಹಳ ಸಣ್ಣವಾಗಿದ್ದವು. ನಾಗಿ ಚಿತ್ರವನ್ನು ಟೀವಿಗೆ ಬಿಟ್ಟಳು. ಬೆಳ್ಳಿ ಹಾಳೆ ಗೋಡೆಯಗಲ ಹರಡಿತು. ಟೀವಿಯ ಪಕ್ಕದಲ್ಲಿ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಅವಳು ನಿಧಾನವಾಗಿ ಓದಿ ಹೇಳಿದಳು: ಮಾತ್ರೆಯ ಹೆಸರು, ಅದರ ಪ್ರಮಾಣ, ಯಾವ ತಿಂಗಳವರೆಗೆ ನಡೆಯುತ್ತದೆ ಎಂಬುದು. ಹೊತ್ತನ್ನು ಹಾಳೆಯ ಮೇಲೆ ಬರೆದಿರುವುದಿಲ್ಲ, ಅದನ್ನು ಡಾಕ್ಟರ ಚೀಟಿ ನೋಡಿಯೇ ಹೇಳಬೇಕು, ಚೀಟಿಯ ಫೋಟೋನೂ ಕಳಿಸು ಎಂದಳು. ನಾನು ನೆಲದ ಮೇಲೆ, ಕೇಳುವವರ ಸಾಲಿನಲ್ಲಿ, ಅವ್ವನ ಪಕ್ಕದಲ್ಲಿ ಕುಳಿತಿದ್ದೆ. ಅಕ್ಷರಗಳು ಕಣ್ಣ ಮುಂದಿದ್ದವು. ಬಾಯಿ ತೆರೆಯದಂತೆ ತುಟಿ ಕಚ್ಚಿ ಹಿಡಿದೆ.

ಅವಳು ಮುಗಿಸಿದಾಗ ಮಂಚದ ಮೇಲಿನಿಂದ ಅಪ್ಪ ಎದ್ದು ಕುಳಿತ. ಎದೆಯ ಮೇಲಿನ ಫೋನು ಜಾರಿ ಹಾಸಿಗೆಗೆ ಬಿತ್ತು.

"ಗಟ್ಟಿಯಾಗಿ ಓದವ್ವಾ," ಎಂದ. "ಅಕ್ಕಗ ಕೇಳ್ಬೇಕು. ಮತ್ತೊಮ್ಮೆ ಓದು."